ಕರ್ನಲ್ ಕುಸಿದಾಗ ಸಾಕ್ಷಿ ಹೇಳುವವರು ಯಾರು?

ಎಲ್ಲರಿಗೂ ನಮಸ್ಕಾರ.

ಕೆಲವು ವರ್ಷಗಳ ಹಿಂದೆ ನಾನು ನೋಡಿಕೊಳ್ಳುತ್ತಿದ್ದ ಲಿನಕ್ಸ್ ಸರ್ವರ್ ಒಂದು ನಡುರಾತ್ರಿ ತಾನಾಗಿಯೇ ರೀಬೂಟ್ ಆಯಿತು. ಬೆಳಿಗ್ಗೆ ಲಾಗ್ ತೆರೆದು ನೋಡಿದೆ. 2 ಗಂಟೆ 14 ನಿಮಿಷದವರೆಗೆ ಎಲ್ಲವೂ ಸರಿಯಾಗಿತ್ತು. ಅದರ ಮುಂದಿನ ಸಾಲೇ ಹೊಸ ಬೂಟ್‌ನದು. ನಡುವೆ ಏನಾಯಿತೆಂದು ಹೇಳುವ ಒಂದಕ್ಷರವೂ ಇರಲಿಲ್ಲ. ಮುಂದಿನ ವಾರವೂ ಹಾಗೆಯೇ ಆಯಿತು. ಆ ಅಸಹಾಯಕತೆಯೇ ನನ್ನನ್ನು ಈ ವಿಷಯಕ್ಕೆ ಎಳೆದು ತಂದಿತು.

ಸಾಮಾನ್ಯ ಪ್ರೋಗ್ರಾಮ್ ಕುಸಿದರೆ ಅದರ ಮೆಮೊರಿಯನ್ನು ಕಡತಕ್ಕೆ ಇಳಿಸಿಡಲು ಆಪರೇಟಿಂಗ್ ಸಿಸ್ಟಂನ ತಿರುಳಾದ ಕರ್ನಲ್ ಇರುತ್ತದೆ. ಹಾಗೆ ಇಳಿಸಿದ ಪ್ರತಿಯೇ ಡಂಪ್. ಕರ್ನಲ್ಲೇ ಕುಸಿದರೆ? ಎಲ್‌ಕೆಸಿಡಿ, ಡಿಸ್ಕ್‌ಡಂಪ್, ನೆಟ್‌ಡಂಪ್‌ನಂಥ ಹಳೆಯ ವ್ಯವಸ್ಥೆಗಳು ಕುಸಿದ ಕರ್ನಲ್‌ನ ಕೈಯಲ್ಲೇ ಡಂಪ್ ಬರೆಸುತ್ತಿದ್ದವು. ಬುದ್ಧಿ ಕಲಂಕಿದ ಕರ್ನಲ್, ಡಿಸ್ಕಿನ ಯಾವ ಜಾಗಕ್ಕೆ ಬರೆಯುತ್ತದೆಂದು ನಂಬುವುದು ಹೇಗೆ? ಒಳ್ಳೆಯ ದತ್ತಾಂಶದ ಮೇಲೆಯೇ ಬರೆದುಬಿಟ್ಟರೆ ಗತಿಯೇನು?

2005ರಲ್ಲಿ ಬಂದ ಲಿನಕ್ಸ್ 2.6.13 ಇದಕ್ಕೆ ಕೊಟ್ಟ ಉತ್ತರ ಕೆಡಂಪ್. ಅದಕ್ಕೆ ಬುನಾದಿ, ಓಡುತ್ತಿರುವ ಕರ್ನಲ್ಲಿನಿಂದ ಇನ್ನೊಂದಕ್ಕೆ ನೇರವಾಗಿ ಜಿಗಿಸುವ, ಎರಿಕ್ ಬೀಡರ್‌ಮನ್ ಅವರ ಕೆಎಕ್ಸೆಕ್. ಕೆಡಂಪ್ ಬರೆದವರಲ್ಲಿ ವಿವೇಕ್ ಗೋಯಲ್, ಹರಿಪ್ರಸಾದ್ ನೆಲ್ಲಿತೀರ್ಥ, ಮನೀಶ್ ಸೋನಿ ಬೆಂಗಳೂರಿನ ಐಬಿಎಂ ಪ್ರಯೋಗಾಲಯದಲ್ಲಿದ್ದವರು. ಇಂದು ಜಗತ್ತಿನ ಲೆಕ್ಕವಿಲ್ಲದಷ್ಟು ಸರ್ವರ್‌ಗಳಲ್ಲಿರುವ ಈ ಕೆಲಸದ ದೊಡ್ಡ ಪಾಲು ನಮ್ಮ ಊರಿನಲ್ಲೇ ಆಯಿತೆಂಬುದು ನನಗೆ ಹೆಮ್ಮೆಯ ಸಂಗತಿ.

ಉಪಾಯ ಹೀಗಿದೆ. ಬೂಟ್ ಆಗುವಾಗಲೇ ‘ಕ್ರ್ಯಾಶ್‌ಕರ್ನಲ್=256ಎಂ’ ಎಂದು ಹೇಳಿ ಮೆಮೊರಿಯ ಒಂದು ತುಂಡನ್ನು ಬೇಲಿ ಹಾಕಿ ಎತ್ತಿಡುತ್ತೇವೆ. ಅದರೊಳಗೆ ಎರಡನೆಯ ಕರ್ನಲ್ಲನ್ನು ಮೊದಲೇ ಮಲಗಿಸಿರುತ್ತೇವೆ. ಮೊದಲ ಕರ್ನಲ್ ಪ್ಯಾನಿಕ್ ಆದ, ಅಂದರೆ ಕುಸಿದ ಕ್ಷಣ ಉಳಿದ ಸಿಪಿಯುಗಳನ್ನು ನಿಲ್ಲಿಸಿ, ಅವುಗಳ ರಿಜಿಸ್ಟರ್‌ಗಳಲ್ಲಿ, ಅಂದರೆ ಸಿಪಿಯು ಒಳಗಿನ ಪುಟ್ಟ ಗೂಡುಗಳಲ್ಲಿ, ಇದ್ದದ್ದನ್ನು ಬರೆದಿಟ್ಟುಕೊಳ್ಳಲಾಗುತ್ತದೆ. ಬಳಿಕ ‘ಪರ್ಗೇಟರಿ’ ಎಂಬ ಪುಟ್ಟ ಕೋಡ್ ಎಸ್‌ಎಚ್‌ಎ-256 ಎಂಬ ಬೆರಳಚ್ಚಿನಂಥ ಲೆಕ್ಕ ಹಾಕಿ, ಮಲಗಿದ್ದ ಕರ್ನಲ್‌ಗೆ ಧಕ್ಕೆಯಾಗಿಲ್ಲವೇ ಎಂದು ನೋಡುತ್ತದೆ. ಆಮೇಲೆ ಆ ಕರ್ನಲ್ಲಿಗೆ ನೇರ ಜಿಗಿತ. ಯಂತ್ರವನ್ನು ಮೊದಲಿನಿಂದ ಎಬ್ಬಿಸುವ ಬಯಾಸ್‌ಗೆ ಹೋಗುವುದೇ ಇಲ್ಲ. ಹೋದರೆ ಹಳೆಯ ಮೆಮೊರಿ ಅಳಿಸಿಹೋಗುವ ಭಯ. ಹೊಸ ಕರ್ನಲ್ ತನ್ನ ಬೇಲಿಯೊಳಗೇ ಉಸಿರಾಡುತ್ತ, ಹೊರಗಿರುವ ಹಳೆಯ ಮೆಮೊರಿಯನ್ನೆಲ್ಲ ‘ವಿಎಂಕೋರ್’ ಎಂಬ ಒಂದು ಕಡತವಾಗಿ ನಮ್ಮ ಮುಂದೆ ಹಿಡಿಯುತ್ತದೆ. ಘಟನೆ ನಡೆದ ಸ್ಥಳದಲ್ಲಿ ಏನನ್ನೂ ಕದಲಿಸದೆ ಬರೆದ ಮಹಜರು ಅದು.

ನೂರಾರು ಗಿಗಾಬೈಟ್ ಮೆಮೊರಿಯನ್ನು ಹಾಗೆಯೇ ಇಳಿಸಬೇಕಿಲ್ಲ. ‘ಮೇಕ್‌ಡಂಪ್‌ಫೈಲ್’ ಎಂಬ ಉಪಕರಣಕ್ಕೆ 31 ಎಂಬ ಮಟ್ಟ ಕೊಟ್ಟರೆ ಬರೀ ಸೊನ್ನೆಯಿರುವ ಮೆಮೊರಿ ಪುಟಗಳು, ಕ್ಯಾಶ್, ಬಳಕೆದಾರರ ಪುಟಗಳು, ಖಾಲಿ ಪುಟಗಳು ಎಲ್ಲ ಜರಡಿಯಲ್ಲಿ ಉದುರಿಹೋಗುತ್ತವೆ. ಆದರೂ ಡಂಪ್‌ನಲ್ಲಿ ಗುಪ್ತ ಕೀಲಿಗಳು ಉಳಿದಿರಬಹುದು. ದಯವಿಟ್ಟು ಅದನ್ನು ಕಂಡಕಂಡವರಿಗೆ ಕಳುಹಿಸಬೇಡಿ.

ನನ್ನ ಸರ್ವರ್‌ನ ಕಥೆಗೆ ಬರುತ್ತೇನೆ. ಕೆಡಂಪ್ ಹಾಕಿದೆ, ನಿಶ್ಚಿಂತೆಯಿಂದ ಮಲಗಿದೆ. ಮತ್ತೆ ಕುಸಿಯಿತು, ಡಂಪ್ ಮಾತ್ರ ಇರಲಿಲ್ಲ. ಎತ್ತಿಟ್ಟ ಮೆಮೊರಿ ಸಾಲದೆ ಎರಡನೆಯ ಕರ್ನಲ್ಲೂ ಉಸಿರುಗಟ್ಟಿತ್ತು. ನಾನು ಒಮ್ಮೆಯೂ ಪರೀಕ್ಷಿಸಿ ನೋಡಿರಲಿಲ್ಲ. ಮೆಮೊರಿ ಹೆಚ್ಚಿಸಿದ ಮೇಲೆ ಬಂದ ಡಂಪನ್ನು ‘ಕ್ರ್ಯಾಶ್’ ಉಪಕರಣದಲ್ಲಿ ತೆರೆದು, ಕುಸಿಯುವ ಮುನ್ನ ಯಾವ ಕೋಡ್ ಯಾವುದನ್ನು ಕರೆದಿತ್ತೆಂದು ತೋರಿಸುವ ‘ಬಿಟಿ’ ಎಂದು ಒತ್ತಿದೆ. ಹತ್ತು ಸಾಲಿನೊಳಗೆ ತಪ್ಪಿತಸ್ಥ ನೆಟ್‌ವರ್ಕ್ ಡ್ರೈವರ್‌ನ ಹೆಸರು ಕಣ್ಣಿಗೆ ಬಿತ್ತು.

ಪರೀಕ್ಷಿಸುವುದು ಕಷ್ಟವಲ್ಲ. ‘ಸಿಸ್‌ಆರ್‌ಕ್ಯೂ-ಟ್ರಿಗರ್’ ಕಡತಕ್ಕೆ ‘ಸಿ’ ಎಂಬ ಒಂದೇ ಅಕ್ಷರ ಬರೆದರೆ ಕರ್ನಲ್ ಕುಸಿಯುತ್ತದೆ. ಈ ವರ್ಚುವಲ್ ಯಂತ್ರದಲ್ಲಿ ಈಗ ಅದನ್ನೇ ಮಾಡುತ್ತೇನೆ. ಪರದೆಯನ್ನು ನೋಡುತ್ತಿರಿ, ಎರಡನೆಯ ಕರ್ನಲ್ ಏಳುವ ಮೊದಲ ಸಾಲು ಬಂದಾಗ ಹೇಳುತ್ತೇನೆ.