ಬರೆಯ ಕೆಳಗಿನ ಮನೆಗೂ ತಲುಪಬೇಕಾದ ಕನ್ನಡ

ನಮಸ್ಕಾರ. ಮಡಿಕೇರಿಯಿಂದ ಮಾತನಾಡುತ್ತಿದ್ದೇನೆ. ಬರವಣಿಗೆಯ ಶೈಲಿ, ಪದಗಳ ಆಯ್ಕೆ ಎಂದೊಡನೆ ನಮ್ಮ ಮಾತು ಸಾಮಾನ್ಯವಾಗಿ ಸಾಹಿತ್ಯದ ಕಡೆಗೆ ಹೊರಳುತ್ತದೆ. ಕಥೆಗಾರರು ಹೇಗೆ ಬರೆದರು, ಕವಿಗಳು ಹೇಗೆ ಬರೆದರು ಎಂದು ಚರ್ಚೆ ಬೆಳೆಯುತ್ತದೆ. ಆದರೆ ಕೊಡಗಿನ ಹೆಚ್ಚಿನ ಜನ ದಿನನಿತ್ಯ ಓದಬೇಕಾಗಿ ಬರುವ ಕನ್ನಡವೆಂದರೆ ಪಂಚಾಯಿತಿಯ ಗೋಡೆಗೆ ಅಂಟಿಸಿದ ಪ್ರಕಟಣೆ, ನಾಡಕಚೇರಿಯಿಂದ ಬಂದ ಹಿಂಬರಹ, ಸಹಕಾರ ಸಂಘದ ಮಹಾಸಭೆಯ ನೋಟಿಸು, ಮಳೆಗಾಲದಲ್ಲಿ ಮೊಬೈಲಿಗೆ ಬರುವ ಎಚ್ಚರಿಕೆಯ ಸಂದೇಶ. ಶೈಲಿ ಕೆಟ್ಟರೆ ಹೆಚ್ಚು ಬೆಲೆ ತೆರಬೇಕಾಗುವುದು ಇಲ್ಲಿಯೇ ಎಂದು ನಾನು ನಂಬಿದ್ದೇನೆ. ಆದ್ದರಿಂದ ಇಂದು ಈ ಬಗೆಯ ಬರವಣಿಗೆಯನ್ನೇ ಮುಂದಿಟ್ಟುಕೊಂಡು ಮಾತನಾಡುತ್ತೇನೆ.

ಒಂದು ವಾಕ್ಯವನ್ನು ಓದುತ್ತೇನೆ. ಇದು ಯಾವ ಕಚೇರಿಯದ್ದೂ ಅಲ್ಲ. ಮಳೆಗಾಲದಲ್ಲಿ ಹೊರಬೀಳುವ ಪ್ರಕಟಣೆಗಳ ಧಾಟಿಯಲ್ಲಿ ನಾನೇ ಬರೆದುಕೊಂಡದ್ದು. “ಪ್ರಸಕ್ತ ಮುಂಗಾರು ಅವಧಿಯಲ್ಲಿ ಜಿಲ್ಲೆಯಾದ್ಯಂತ ವ್ಯಾಪಕ ಮಳೆಯಾಗುತ್ತಿರುವ ಹಿನ್ನೆಲೆಯಲ್ಲಿ, ನದಿಪಾತ್ರದ ಹಾಗೂ ಭೂಕುಸಿತ ಸಂಭವನೀಯ ಪ್ರದೇಶಗಳಲ್ಲಿ ವಾಸಿಸುತ್ತಿರುವ ಸಾರ್ವಜನಿಕರಿಗೆ ಮುನ್ನೆಚ್ಚರಿಕಾ ಕ್ರಮವಾಗಿ ಸುರಕ್ಷಿತ ಸ್ಥಳಗಳಿಗೆ ಸ್ಥಳಾಂತರಗೊಳ್ಳುವಂತೆ ಈ ಮೂಲಕ ಸೂಚಿಸಲಾಗಿದೆ.”

ಈ ವಾಕ್ಯದಲ್ಲಿ ಸುಳ್ಳಿಲ್ಲ, ವ್ಯಾಕರಣದ ತಪ್ಪಿಲ್ಲ. ಇಂತಹ ವಾಕ್ಯ ಬರೆಯುವವರಿಗೆ ಜನರ ಮೇಲೆ ಕಾಳಜಿ ಇಲ್ಲವೆಂದೂ ನಾನು ಹೇಳಲಾರೆ. ತೊಡಕಿರುವುದು ಅದನ್ನು ಕಟ್ಟಿದ ರೀತಿಯಲ್ಲಿ. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ. ಅದು ಭಾಷೆಯ ಜಾಯಮಾನ. ಆದರೆ ಅದರ ಮುಂದೆ ಇಪ್ಪತ್ತು ಪದಗಳನ್ನು ಪೇರಿಸಿದಾಗ, ತಾನೇನು ಮಾಡಬೇಕೆಂದು ತಿಳಿಯಲು ಓದುವವರು ಕೊನೆಯವರೆಗೂ ಕಾಯಬೇಕಾಗುತ್ತದೆ, ಕಾದ ಮೇಲೆ ಅವರಿಗೆ ಸಿಗುವುದು ‘ಸೂಚಿಸಲಾಗಿದೆ’ ಎಂಬ, ಕರ್ತೃವೇ ಇಲ್ಲದ ಒಂದು ಕ್ರಿಯೆ. ಯಾರು ಸೂಚಿಸಿದರು, ಎಲ್ಲಿಗೆ ಹೋಗಬೇಕು, ಎಷ್ಟು ಹೊತ್ತಿನೊಳಗೆ ಹೋಗಬೇಕು, ಕೊಟ್ಟಿಗೆಯಲ್ಲಿರುವ ದನಗಳನ್ನು ಏನು ಮಾಡಬೇಕು ಎಂಬ ಯಾವ ಪ್ರಶ್ನೆಗೂ ಅಲ್ಲಿ ಉತ್ತರವಿಲ್ಲ. ಇದಕ್ಕಿಂತಲೂ ನನ್ನನ್ನು ಹೆಚ್ಚು ಕಾಡುವುದು ‘ಭೂಕುಸಿತ ಸಂಭವನೀಯ ಪ್ರದೇಶ’ ಎಂಬ ಮಾತು. ತಾನು ಹುಟ್ಟಿ ಬೆಳೆದ ಮನೆಯನ್ನು ಯಾರೂ ಪ್ರದೇಶವೆಂದು ಕರೆಯುವುದಿಲ್ಲ, ಸಂಭವನೀಯವೆಂದು ಭಾವಿಸುವುದಂತೂ ಇಲ್ಲವೇ ಇಲ್ಲ. ಹಾಗಾಗಿ ಓದಿದ ಪ್ರತಿಯೊಬ್ಬರೂ ಇದು ಬೇರೆ ಯಾರಿಗೋ ಹೇಳಿದ್ದೆಂದು ತಿಳಿದು ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಾರೆ.

2018ರ ಆಗಸ್ಟಿನಲ್ಲಿ ಮಕ್ಕಂದೂರು, ಮುಕ್ಕೋಡ್ಲು, ಜೋಡುಪಾಲದ ಕಡೆ ಗುಡ್ಡಗಳು ಜರಿದದ್ದನ್ನು, ಮರುವರ್ಷ ಅದೇ ಆಗಸ್ಟಿನಲ್ಲಿ ವಿರಾಜಪೇಟೆ ತಾಲೂಕಿನ ತೋರದಲ್ಲಿ, 2020ರಲ್ಲಿ ತಲಕಾವೇರಿಯ ಬ್ರಹ್ಮಗಿರಿಯಲ್ಲಿ ಮನೆಗಳ ಮೇಲೆಯೇ ಮಣ್ಣು ಬಂದು ಬಿದ್ದದ್ದನ್ನು ಕಂಡ ಜಿಲ್ಲೆ ನಮ್ಮದು. ಇಲ್ಲಿ ಅದೇ ವಿಷಯವನ್ನು ಹೀಗೆ ಬರೆಯಬಹುದು: “ಹೊಳೆಯ ದಂಡೆಯಲ್ಲಿ ಅಥವಾ ಬರೆಯ ಕೆಳಗೆ ಮನೆ ಇರುವವರು ಇಂದು ಕತ್ತಲಾಗುವ ಮೊದಲು ಊರಿನ ಶಾಲೆಗೆ ಬನ್ನಿ. ಊಟ ಮತ್ತು ಹೊದಿಕೆ ಅಲ್ಲಿದೆ. ದನಗಳ ಹಗ್ಗ ಬಿಚ್ಚಿ ಬನ್ನಿ. ಮನೆಯ ಹಿಂದಿನ ಬರೆಯಲ್ಲಿ ಬಿರುಕು ಕಂಡರೆ, ಅಥವಾ ಅಲ್ಲಿಂದ ಕೆಸರು ನೀರು ಬರತೊಡಗಿದರೆ, ಯಾರನ್ನೂ ಕಾಯದೆ ಆಗಲೇ ಹೊರಡಿ.”

ಇದು ಮನೆಮಾತಿನ ಕನ್ನಡವಲ್ಲ. ಶಾಲೆಯಲ್ಲಿ ಕಲಿಸುವ ಶುದ್ಧ ಬರವಣಿಗೆಯ ಕನ್ನಡವೇ. ವ್ಯತ್ಯಾಸವೆಂದರೆ ಇಲ್ಲಿ ಪ್ರತಿ ವಾಕ್ಯವೂ ಒಂದು ಕೆಲಸವನ್ನು ಹೇಳುತ್ತದೆ, ಮತ್ತು ‘ಸಾರ್ವಜನಿಕರು’ ಎಂಬ ಮುಖವಿಲ್ಲದ ಗುಂಪಿಗೆ ಬದಲಾಗಿ, ಓದುತ್ತಿರುವವರನ್ನೇ ‘ಬನ್ನಿ’ ಎಂದು ಗೌರವದಿಂದ ಕರೆಯುತ್ತದೆ. ಬರೆ ಎಂದರೆ ಗುಡ್ಡ ಕಡಿದಾಗ ಮನೆಯ ಹಿಂದೆಯೋ ರಸ್ತೆಯ ಪಕ್ಕದಲ್ಲೋ ಕಡಿದಾಗಿ ನಿಲ್ಲುವ ಮಣ್ಣಿನ ಗೋಡೆ ಎಂಬುದನ್ನು ಕೊಡಗಿನ ಮಕ್ಕಳಿಗೂ ಬಿಡಿಸಿ ಹೇಳಬೇಕಾಗಿಲ್ಲ. ತನ್ನ ಮನೆಯ ಹಿಂದೆ ಅದಿದೆಯೋ ಇಲ್ಲವೋ ಎಂಬುದು ಓದಿದ ಕ್ಷಣವೇ ಕಣ್ಣ ಮುಂದೆ ಬರುತ್ತದೆ.

ಮಳೆಯ ಅಳತೆಯನ್ನು ಹೇಳುವಾಗಲೂ ಇದೇ ಪ್ರಶ್ನೆ ಎದುರಾಗುತ್ತದೆ. ಹವಾಮಾನ ಇಲಾಖೆಯ ಲೆಕ್ಕದಲ್ಲಿ 24 ಗಂಟೆಗಳಲ್ಲಿ 64.5ರಿಂದ 115.5 ಮಿಲಿಮೀಟರ್ ಬಂದರೆ ಭಾರಿ ಮಳೆ, 115.6ರಿಂದ 204.4ರವರೆಗೆ ಅತಿ ಭಾರಿ ಮಳೆ, ಅದನ್ನೂ ಮೀರಿದರೆ ಅತ್ಯಂತ ಭಾರಿ ಮಳೆ. ಇಲಾಖೆಯ ಎಚ್ಚರಿಕೆಗಳಲ್ಲಿ ಹಳದಿ ಬಣ್ಣವೆಂದರೆ ಗಮನವಿಟ್ಟಿರಿ, ಕಿತ್ತಳೆಯೆಂದರೆ ಸಿದ್ಧರಾಗಿರಿ, ಕೆಂಪೆಂದರೆ ಕಾರ್ಯಪ್ರವೃತ್ತರಾಗಿ ಎಂದು ಅರ್ಥ. ಈ ವಿಂಗಡಣೆ ಅಗತ್ಯವಾದದ್ದೇ. ಆದರೆ ನಮ್ಮ ತೋಟಗಳಲ್ಲಿ ತಲೆಮಾರುಗಳಿಂದ ಮಳೆಯನ್ನು ಇಂಚು ಮತ್ತು ಅದರ ನೂರನೇ ಒಂದು ಭಾಗವಾದ ಸೆಂಟಿನಲ್ಲಿ ಅಳೆದು ಪುಸ್ತಕದಲ್ಲಿ ಬರೆದಿಡುತ್ತಾ ಬಂದಿದ್ದಾರೆ. ಕಾಫಿ ಗಿಡದ ಹೂ ಅರಳಿಸುವ ಹೂಮಳೆ ಎಷ್ಟು ಬಂತು, ಅದರ ನಂತರ ಕಾಯಿ ಕಟ್ಟಲು ಬೇಕಾದ ಬ್ಯಾಕಿಂಗ್ ಮಳೆ ಎಷ್ಟು ಬಂತು ಎಂಬುದನ್ನೆಲ್ಲ ಅವರು ಹೇಳುವುದು ಇಂಚಿನಲ್ಲೇ. 204 ಮಿಲಿಮೀಟರ್ ಎಂದು ಕೇಳಿದಾಗ ಮೂಡದ ಗಾಬರಿ ಒಂದೇ ದಿನಕ್ಕೆ ಎಂಟು ಇಂಚು ಎಂದಾಗ ತಾನಾಗಿ ಮೂಡುತ್ತದೆ. ‘ಭಾರಿ’, ‘ಅತಿ ಭಾರಿ’, ‘ಅತ್ಯಂತ ಭಾರಿ’ ಎಂಬ ಮೂರು ಮಾತುಗಳ ನಡುವಿನ ಅಂತರವನ್ನು ಕಿವಿ ಗುರುತಿಸುವುದಿಲ್ಲ, ಇಂಚಿನ ಅಂಕಿ ಗುರುತಿಸುತ್ತದೆ. ಎರಡೂ ಅಳತೆಗಳನ್ನು ಒಟ್ಟಿಗೆ ಕೊಡಲು ಸಂದೇಶದಲ್ಲಿ ಒಂದು ಸಾಲಿನ ಜಾಗ ಸಾಕು.

ಇಷ್ಟು ಹೇಳಿದಾಗ ಕೆಲವರು, ಹಾಗಾದರೆ ಆಡಿದಂತೆಯೇ ಬರೆದುಬಿಡೋಣ ಎನ್ನುತ್ತಾರೆ. ಈ ಸಲಹೆಯನ್ನು ನಾನು ಒಪ್ಪುವುದಿಲ್ಲ. ಕೊಡಗಿನಲ್ಲಿ ಯಾರು ಆಡಿದಂತೆ ಬರೆಯುವುದು? 2011ರ ಜನಗಣತಿಯಲ್ಲಿ 5,54,519 ಜನರಿದ್ದ ಈ ಸಣ್ಣ ಜಿಲ್ಲೆಯಲ್ಲಿ ಕೊಡವ ತಕ್ಕ್, ಅರೆಭಾಷೆ, ಮಲಯಾಳಂ, ತುಳು, ಬ್ಯಾರಿ, ತಮಿಳು, ಎರವ ಮತ್ತು ಕುರುಬರ ನುಡಿಗಳು ಮನೆಮಾತಾಗಿವೆ. ಸೋಮವಾರಪೇಟೆಯಿಂದ ಶನಿವಾರಸಂತೆಯ ಕಡೆಗೆ ಹೋದರೆ ಕೇಳುವ ಕನ್ನಡ ಹಾಸನದ ಕನ್ನಡಕ್ಕೆ ಹತ್ತಿರವಾದದ್ದು. ಇಲ್ಲಿ ಬಹಳಷ್ಟು ಜನರಿಗೆ ಕನ್ನಡ ತಾಯಿಯ ಬಾಯಿಂದ ಬಂದದ್ದಲ್ಲ, ಪಠ್ಯಪುಸ್ತಕದಿಂದ ಬಂದದ್ದು. ಆದ್ದರಿಂದ ಅವರಿಗೆ ಅತ್ಯಂತ ಸುಲಭವಾದ ಕನ್ನಡವೆಂದರೆ ಪ್ರಾಥಮಿಕ ಶಾಲೆಯಲ್ಲಿ ಕಲಿತ, ಪೂರ್ಣ ವಾಕ್ಯಗಳ, ವಿಭಕ್ತಿಗಳನ್ನು ನುಂಗದ ಕನ್ನಡ. ಬೆಂಗಳೂರಿನ ಅಥವಾ ಮೈಸೂರಿನ ಆಡುಮಾತನ್ನು ಪ್ರಕಟಣೆಗೆ ತಂದರೆ ಅದು ಇಲ್ಲಿ ಸರಳವಾಗುವುದಿಲ್ಲ, ಇನ್ನೊಂದು ಊರಿನದ್ದಾಗುತ್ತದೆ. ಗ್ರಾಂಥಿಕ ಕನ್ನಡ ನಮ್ಮೆಲ್ಲರ ನಡುವಿನ ಸಾಮಾನ್ಯ ಅಂಗಳ. ಅದನ್ನು ಬಿಡಬೇಕೆಂದು ನಾನು ಹೇಳುತ್ತಿಲ್ಲ. ಅದರೊಳಗೆ ಪದ ಮತ್ತು ವಾಕ್ಯವನ್ನು ಆರಿಸಿಕೊಳ್ಳುವಾಗ ಓದುವವರನ್ನು ನೆನೆಯಬೇಕೆಂದು ಹೇಳುತ್ತಿದ್ದೇನೆ.

ನಡಿಕೇರಿಯಂಡ ಚಿಣ್ಣಪ್ಪನವರು 1924ರಲ್ಲಿ ಕೊಡವರ ಹಾಡು ಮತ್ತು ಪದ್ಧತಿಗಳ ಸಂಗ್ರಹವಾದ ‘ಪಟ್ಟೋಲೆ ಪಳಮೆ’ಯನ್ನು ಹೊರತಂದಾಗ ಹಾಡುಗಳನ್ನು ಕೊಡವ ನುಡಿಯಲ್ಲೇ ಕನ್ನಡ ಲಿಪಿಯಲ್ಲಿ ಕೊಟ್ಟು, ಪದ್ಧತಿಗಳ ವಿವರಣೆಯನ್ನು ಕನ್ನಡದಲ್ಲಿ ಬರೆದರು. ಹಾಡುವವರಿಗೆ ಬೇಕಾದದ್ದು ಒಂದು ಭಾಷೆ, ಓದಿ ತಿಳಿಯುವವರಿಗೆ ಬೇಕಾದದ್ದು ಇನ್ನೊಂದು ಎಂಬ ವಿವೇಕವನ್ನು ನಾನು ಆ ಜೋಡಣೆಯಲ್ಲಿ ಕಾಣುತ್ತೇನೆ.

ಸರಳತೆಯ ಹೆಸರಿನಲ್ಲಿ ಕೈಬಿಡಬಾರದ ಪದಗಳೂ ಇವೆ, ಈ ಮಾತನ್ನು ಒತ್ತಿ ಹೇಳಬೇಕಾಗಿದೆ. ಕಂದಾಯದ ಕಾಗದಪತ್ರಗಳಲ್ಲಿ ಪಹಣಿ, ಖಾತೆ, ಪೋಡಿ, ಜಮಾಬಂದಿ ಮುಂತಾದ ಮಾತುಗಳು ಹೊರಗಿನವರಿಗೆ ಕಠಿಣವೆನಿಸಬಹುದು; ಆದರೆ ಅಕ್ಷರ ಬಾರದ ರೈತರೂ ಅವುಗಳನ್ನು ನಿತ್ಯ ಬಳಸುತ್ತಾರೆ. ನಮ್ಮ ಬಾಣೆಯನ್ನೇ ತೆಗೆದುಕೊಳ್ಳಿ. ಗದ್ದೆಯ ಸಾಗುವಳಿಗೆ ನೆರವಾಗಲೆಂದು, ಸೊಪ್ಪು, ಸೌದೆ ಮತ್ತು ಮೇವಿಗಾಗಿ, ಗದ್ದೆಗೆ ಸೇರಿಸಿ ಬಿಟ್ಟುಕೊಟ್ಟ ಎತ್ತರದ ಜಾಗ ಅದು. ಅರ್ಜಿಯಲ್ಲಿ ಅದನ್ನು ‘ಕಾಡು’ ಎಂದು ಬರೆದರೆ ಅರಣ್ಯದ ಅರ್ಥ ಬರುತ್ತದೆ, ‘ಖಾಲಿ ಜಾಗ’ ಎಂದು ಬರೆದರೆ ಪೈಸಾರಿಯ, ಎಂದರೆ ಸರ್ಕಾರಿ ಜಾಗದ, ಅರ್ಥ ಬರುತ್ತದೆ. ಎರಡೂ ಸುಲಭವಾದ ಪದಗಳೇ, ಎರಡೂ ಕುಟುಂಬದ ಹಕ್ಕಿಗೆ ಧಕ್ಕೆ ತರಬಲ್ಲವು. ಅರ್ಜಿ ಬರೆದುಕೊಡುವವರು ಮತ್ತು ಸೈಬರ್ ಅಂಗಡಿಗಳಲ್ಲಿ ಟೈಪ್ ಮಾಡಿಕೊಡುವ ಹುಡುಗ ಹುಡುಗಿಯರು ಇದನ್ನು ತಿಳಿದಿರಬೇಕು. ಪದ ಸುಲಭವೇ ಕಠಿಣವೇ ಎಂದು ನೋಡುವುದಕ್ಕಿಂತ ಮೊದಲು, ಅದು ಇಲ್ಲಿಯ ಜನ ಆ ವಸ್ತುವಿಗೆ ಇಟ್ಟ ಪದವೇ ಎಂದು ನೋಡಬೇಕು.

‘ಹಾಜರಾಗತಕ್ಕದ್ದು’, ‘ತಪ್ಪಿದಲ್ಲಿ ಕ್ರಮ ಜರುಗಿಸಲಾಗುವುದು’ ಎಂಬ ಧಾಟಿಯ ಬಗ್ಗೆ ಎರಡು ಮಾತು ಸಾಕು. ನೀರಿನ ತೆರಿಗೆ ಕಟ್ಟದವರಿಗೆ ಕಳುಹಿಸುವ ನೋಟಿಸಿಗೆ ಅದು ಹೊಂದಬಹುದು. ಗ್ರಾಮಸಭೆಗೆ ಕರೆಯುವ ಪತ್ರಕ್ಕೆ ಖಂಡಿತ ಹೊಂದುವುದಿಲ್ಲ. ಮನೆ ಬಾಗಿಲಿಗೆ ಬಂದವರನ್ನು ಕೂರಿಸಿ ಕಾಫಿ ಕೊಟ್ಟ ಮೇಲೆಯೇ ಬಂದ ಕೆಲಸವನ್ನು ವಿಚಾರಿಸುವ ಊರಿನಲ್ಲಿ, ಸಭೆಗೆ ಕರೆಯುವವರು ‘ಬನ್ನಿ’ ಎಂದು ಬರೆಯಲು ಯಾವ ನಿಯಮವೂ ಅಡ್ಡಬರುವುದಿಲ್ಲ.

ಪಂಚಾಯಿತಿಗಳ ಕಾರ್ಯದರ್ಶಿಗಳಲ್ಲಿ, ಸಂಘಗಳ ಪದಾಧಿಕಾರಿಗಳಲ್ಲಿ, ಪ್ರಕಟಣೆ ಬರೆಯುವ ಪ್ರತಿಯೊಬ್ಬರಲ್ಲಿ ನನ್ನದೊಂದು ಕೋರಿಕೆ ಇದೆ. ಮುಂಗಾರು ಇಳಿಯುವ ಮೊದಲೇ, ಮೇ ತಿಂಗಳಲ್ಲಿ, ಈ ವರ್ಷ ಬೇಕಾಗಬಹುದಾದ ಎಚ್ಚರಿಕೆಗಳ ಕರಡನ್ನು ಬರೆದಿಟ್ಟುಕೊಳ್ಳಿ. ಮಳೆ ಸುರಿಯುವಾಗ, ಕರೆಂಟಿಲ್ಲದ ರಾತ್ರಿಯಲ್ಲಿ, ಯಾರಿಗೂ ಒಳ್ಳೆಯ ವಾಕ್ಯ ಹೊಳೆಯುವುದಿಲ್ಲ. ಆ ಕರಡನ್ನು ಕನ್ನಡ ಮನೆಮಾತಲ್ಲದ ಒಬ್ಬರಿಗೆ, ತೋಟದ ಲೈನ್ ಮನೆಯ ಕಾರ್ಮಿಕರಾಗಲಿ ಆದಿವಾಸಿ ಹಾಡಿಯ ಹಿರಿಯರಾಗಲಿ, ಒಮ್ಮೆ ಮಾತ್ರ ಗಟ್ಟಿಯಾಗಿ ಓದಿ ಹೇಳಿ, ‘ಈಗ ನೀವು ಏನು ಮಾಡುತ್ತೀರಿ?’ ಎಂದು ಕೇಳಿ. ಎಲ್ಲಿಗೆ, ಯಾವಾಗ, ಏನನ್ನು ತೆಗೆದುಕೊಂಡು ಹೋಗುತ್ತಾರೆ ಎಂಬುದನ್ನು ಅವರು ತಡವರಿಸದೆ ಹೇಳಿದರೆ ಅದನ್ನು ಹಾಗೆಯೇ ಗೋಡೆಗೆ ಅಂಟಿಸಿ. ತಡವರಿಸಿದರೆ, ಯಾವ ಪದದ ಬಳಿ ಅವರು ನಿಂತರೆಂದು ಗುರುತು ಹಾಕಿಕೊಂಡು, ಅವರ ಎದುರಿಗೇ ಕುಳಿತು ಆ ಸಾಲನ್ನು ಮತ್ತೆ ಬರೆಯಿರಿ.