ಬಾಗಿಲು ಎಲ್ಲಿದೆ?

ಮಾತು ಶುರುವಾಗುವ ಮೊದಲು, ಮುಂದಿನ ಸಾಲಿನಲ್ಲಿ ಕೂತಿರುವ ಈ ಹುಡುಗ ಪರದೆಯ ಮೇಲಿನ ಚಿತ್ರ ನೋಡಿ ಕೇಳಿದ: "ಸರ್, ಇದರೊಳಗೆ ಹೋಗೋ ಬಾಗಿಲು ಎಲ್ಲಿದೆ?" ಎರಡನೇ ಮಹಾಯುದ್ಧದ ಜಪಾನಿ ನೌಕಾಪಡೆಯ ಆರು ಆಯುಧಗಳ ಬಗ್ಗೆ ಹೇಳಬೇಕು ಅಂತ ಬಂದಿದ್ದೆ. ಈ ಪ್ರಶ್ನೆ ಕೇಳಿದ ಮೇಲೆ ಚಿತ್ರದಲ್ಲಿರುವ ಕೈಟೆನ್, ಅಂದರೆ ಒಬ್ಬ ಒಳಗೆ ಕೂತು ನಡೆಸುವ ಆತ್ಮಾಹುತಿ ಟಾರ್ಪಿಡೊ, ಅದೊಂದನ್ನೇ ಹಿಡಿದು ಕೂರೋಣ ಅನಿಸಿದೆ.

ಟಾರ್ಪಿಡೊ ಅಂದರೆ ನೀರಿನಡಿ ಓಡಿ ಹಡಗಿಗೆ ಬಡಿದು ಸಿಡಿಯುವ ಆಯುಧ. ಜಪಾನಿನದು ಟೈಪ್ 93. 61 ಸೆಂ.ಮೀ. ದಪ್ಪ, 490 ಕೆ.ಜಿ. ಸಿಡಿತಲೆ. ಬೇರೆಯವರ ಟಾರ್ಪಿಡೊಗಳು ಒತ್ತಿ ತುಂಬಿದ ಗಾಳಿಯಲ್ಲಿ ಓಡುತ್ತಿದ್ದವು. ಗಾಳಿಯಲ್ಲಿ ಮುಕ್ಕಾಲು ಪಾಲು ನೈಟ್ರೋಜನ್. ಅದು ಉರಿಯುವುದಿಲ್ಲ, ಗುಳ್ಳೆಯಾಗಿ ಮೇಲೆ ಬಂದು ದಾರಿ ತೋರಿಸಿಬಿಡುತ್ತದೆ. ಜಪಾನಿನವರು ಶುದ್ಧ ಆಮ್ಲಜನಕ ತುಂಬಿದರು. ಗುಳ್ಳೆಯ ಗೆರೆ ಕಾಣುವುದೇ ಕಷ್ಟ, ದೂರವೂ ಜಾಸ್ತಿ. ಎಂಥ ಒಳ್ಳೆ ಎಂಜಿನಿಯರಿಂಗ್ ಅಲ್ವಾ!

1944ರ ಹೊತ್ತಿಗೆ ಅದನ್ನು ಹಾರಿಸುವ ಹಡಗುಗಳೇ ಒಂದೊಂದಾಗಿ ಮುಳುಗುತ್ತಿದ್ದವು. ಆಗ ಅದೇ ಎಂಜಿನ್ನಿನ ಮುಂದೆ ಒಂದು ಮೀಟರ್ ದಪ್ಪದ ಕೊಳವೆ ಜೋಡಿಸಿ, ಒಳಗೆ ಒಬ್ಬನನ್ನು ಕೂರಿಸಿದರು. ಮೂತಿಯಲ್ಲಿ 1,550 ಕೆ.ಜಿ. ಸ್ಫೋಟಕ. ಹೆಸರು ಕೈಟೆನ್. ಮ್ಯೂಸಿಯಂ ಫಲಕಗಳಲ್ಲಿ ಉದ್ದ, ತೂಕ, ವೇಗ ಎಲ್ಲ ಇರುತ್ತದೆ. ಒಳಗೆ ಕೂತವನ ವಯಸ್ಸನ್ನೂ ಬರೆಯಿರಿ ಅಂತ ಎಷ್ಟು ವರ್ಷದಿಂದ ಹೇಳುತ್ತಿದ್ದೇನೆ!

ಇದನ್ನು ಕಟ್ಟಲು ಒತ್ತಾಯಿಸಿದವರು ಇಬ್ಬರು ಯುವ ಅಧಿಕಾರಿಗಳು, ಕುರೋಕಿ ಹಿರೋಶಿ ಮತ್ತು ನಿಶಿನಾ ಸೆಕಿಯೊ. ಸೆಪ್ಟೆಂಬರ್ 6ರಂದು ಓತ್ಸುಶಿಮಾ ದ್ವೀಪದ ಹತ್ತಿರ ತರಬೇತಿ. ಸಮುದ್ರ ಒರಟಾಗಿತ್ತು. ಹಿಗುಚಿ ತಕಾಶಿ ನಡೆಸುತ್ತಿದ್ದ, ಕುರೋಕಿ ಜೊತೆಯಲ್ಲಿ ಕೂತಿದ್ದ. ಕೈಟೆನ್ ಹೋಗಿ ಮೂತಿಯನ್ನು ಕೆಸರಿಗೆ ನೆಟ್ಟಿತು. ಮೇಲಿನವರು ರಾತ್ರಿಯಿಡೀ ಹುಡುಕಿದರು. ಕೆಳಗೆ, ಉಸಿರು ಕಡಿಮೆಯಾಗುತ್ತಾ ಹೋದಂತೆ, ಕುರೋಕಿ ಬರೆಯುತ್ತಾ ಕೂತ. ಮೊದಲು ಬರೆದದ್ದು ಅಪಘಾತ ಹೇಗಾಯಿತು, ಯಂತ್ರದಲ್ಲಿ ಏನು ಸರಿಮಾಡಬೇಕು ಅನ್ನುವುದನ್ನು. ಬೆಳಗ್ಗೆ ಸಿಕ್ಕಾಗ ಇಬ್ಬರೂ ಬದುಕಿರಲಿಲ್ಲ. ಕುರೋಕಿಗೆ 22 ವರ್ಷ. ಬರೆದುಕೊಳ್ಳಿ, 22.

ನವೆಂಬರ್ 20ರಂದು ನಿಶಿನಾ, ಗೆಳೆಯ ಕುರೋಕಿಯ ಬೂದಿಯನ್ನು ಜೊತೆಗಿಟ್ಟುಕೊಂಡು, ಕೈಟೆನ್‌ನಲ್ಲಿ ಕೂತು, ಅಮೆರಿಕದ ಹಡಗುಗಳು ನಿಂತಿದ್ದ ಪೆಸಿಫಿಕ್‌ನ ಉಲಿಥಿ ಲಗೂನಿನ ಕಡೆ ಹೊರಟ. ಅವನಿಗೆ 21. ಅವತ್ತು ಅಲ್ಲಿ ಮಿಸಿಸಿನೆವಾ ಅನ್ನುವ ಅಮೆರಿಕದ ತೈಲ ಹಡಗು ಕೈಟೆನ್ ಬಡಿದು ಉರಿದು ಮುಳುಗಿತು. ಸತ್ತವರು 63 ಮಂದಿ. ಅವರ ವಯಸ್ಸನ್ನೂ ಬರೆಯಬೇಕು. ಆ ಹಡಗಿನ ಎಣ್ಣೆ 2001ರಲ್ಲಿ ಸೋರತೊಡಗಿತು. ದ್ವೀಪದವರು ಮೀನು ಹಿಡಿಯುವ ನೀರು ಅದು!

ಸಂಘಟಕರು ಗಡಿಯಾರ ತೋರಿಸುತ್ತಿದ್ದಾರೆ, ಊಟದ ವಾಸನೆಯೂ ಬರುತ್ತಿದೆ. ಉಳಿದ ಆಯುಧಗಳಲ್ಲಿ ಎರಡನ್ನು ಬೇಗ ಹೇಳಿಬಿಡುತ್ತೇನೆ. ಐ-400 ಜಲಾಂತರ್ಗಾಮಿ 122 ಮೀಟರ್ ಉದ್ದ, ಹೊಟ್ಟೆಯಲ್ಲಿ ಮೂರು ಸೈರಾನ್ ವಿಮಾನ. ಮೊದಲ ಗುರಿ ಪನಾಮಾ ಕಾಲುವೆಯ ಗೇಟುಗಳು, ಆಮೇಲೆ ಅದು ಬದಲಾಯಿತು. ಯುದ್ಧ ಮುಗಿಯಿತು, ದಾಳಿ ನಡೆಯಲಿಲ್ಲ. ಇವತ್ತು ಉಳಿದಿರುವ ಒಂದೇ ಸೈರಾನ್ ಅಮೆರಿಕದ ಮ್ಯೂಸಿಯಂ ಆದ ಸ್ಮಿತ್ಸೋನಿಯನ್‌ನಲ್ಲಿದೆ. ಇನ್ನು ಫುಕುರ್ಯು. ಬಿದಿರು ಗಳುವಿನ ತುದಿಗೆ ಬಾಂಬು ಕಟ್ಟಿಕೊಂಡು ಶತ್ರು ಹಡಗಿಗಾಗಿ ನೀರಿನಡಿ ಕಾಯುವ ಹುಡುಗರು. ಉಸಿರಾಟದ ಉಪಕರಣ ಕೆಟ್ಟು ತರಬೇತಿಯಲ್ಲೇ ಸತ್ತವರಿದ್ದಾರೆ.

ಕೈಟೆನ್ನಿನ ಬಾಗಿಲು ಕೇಳಿದೆಯಲ್ಲ ಮರಿ, ಎರಡಿವೆ. ಒಂದು ಮೇಲೆ, ಒಂದು ಕೆಳಗೆ. ಕೈಟೆನ್ನನ್ನು ಬೆನ್ನ ಮೇಲೆ ಹೊತ್ತ ಜಲಾಂತರ್ಗಾಮಿ ನೀರಿನಡಿ ಇರುವಾಗಲೇ ಒಂದು ಕೊಳವೆಯ ಮೂಲಕ ಹತ್ತಿ, ಕೆಳಗಿನ ಬಾಗಿಲಿನಿಂದ ಒಳಗೆ ಹೋಗುತ್ತಿದ್ದರು. ಬಾ, ಚಿತ್ರದಲ್ಲಿ ತೋರಿಸುತ್ತೇನೆ.