ಬೆಣ್ಣೆಯ ಜಾಗಕ್ಕೆ ಆಲಿವ್ ಎಣ್ಣೆ

ಕೇಳುಗರೆಲ್ಲರಿಗೂ ನಮಸ್ಕಾರ. "ಮೇಡಂ, ಬೆಳಿಗ್ಗೆ ಖಾಲಿ ಹೊಟ್ಟೆಗೆ ಎರಡು ಚಮಚ ಆಲಿವ್ ಎಣ್ಣೆ ಕುಡಿದರೆ ಹೃದಯಕ್ಕೆ ಒಳ್ಳೇದಂತೆ, ಹೌದಾ?" ನನ್ನ ಹತ್ತಿರ ಸಲಹೆಗೆ ಬರುವವರು ದಿನಾ ಕೇಳುವ ಪ್ರಶ್ನೆ ಇದು. ದಯವಿಟ್ಟು ಕುಡಿಯಬೇಡಿ. ಅದು ಔಷಧಿಯಲ್ಲ, ಎಣ್ಣೆ. ಒಂದು ದೊಡ್ಡ ಚಮಚಕ್ಕೆ ಸುಮಾರು 120 ಕ್ಯಾಲೊರಿ. ನಿಮ್ಮ ಮನೆಯ ಕಡಲೆಕಾಯಿ ಎಣ್ಣೆಯಲ್ಲೂ ಅಷ್ಟೇ. ಈಗ ತಿನ್ನುತ್ತಿರುವ ಜಿಡ್ಡಿನ ಬದಲಿಗೆ ಇದನ್ನು ತಿನ್ನಿ. ಅದರ ಜೊತೆಗೆ ಅಲ್ಲ.

ನನಗಿದು ಮನಸ್ಸಿಗೆ ನಾಟಿದ್ದು ಸ್ಪೇನ್ ದೇಶದ ಹಾಯೆನ್ ಪ್ರಾಂತ್ಯದಲ್ಲಿ. ತಿಪಟೂರಿನ ಕಡೆ ತೆಂಗು ಇದ್ದ ಹಾಗೆ ಅಲ್ಲಿ ಎತ್ತ ನೋಡಿದರೂ ಆಲಿವ್. ನವೆಂಬರ್ ತಿಂಗಳು, ಕೊಯ್ಲಿನ ಕಾಲ. ಗಾಣದ ಯಜಮಾನಿ ನೀಲಿ ಗಾಜಿನ ಪುಟ್ಟ ಲೋಟದಲ್ಲಿ ಹೊಸ ಎಣ್ಣೆ ಕೊಟ್ಟರು. ನೀಲಿ ಯಾಕೆ ಗೊತ್ತಾ? ಬಣ್ಣ ನೋಡಿ ಮರುಳಾಗಬಾರದು ಅಂತ. ಲೋಟವನ್ನು ಅಂಗೈಯಲ್ಲಿ ಬೆಚ್ಚಗೆ ಮಾಡಿ, ಮೂಸಿ, ಒಂದು ಗುಟುಕು ಕುಡಿದೆ. ಹಸಿ ಹುಲ್ಲಿನ ವಾಸನೆ, ನಾಲಿಗೆಗೆ ಕಹಿ. ಆಮೇಲೆ ಕಾಳುಮೆಣಸು ಕಡಿದ ಹಾಗೆ ಗಂಟಲಲ್ಲಿ ಉರಿ! ಕೆಮ್ಮಿ ಕೆಮ್ಮಿ ಕಣ್ಣಲ್ಲಿ ನೀರು ಬಂತು. ಎಣ್ಣೆ ಕೆಟ್ಟಿದೆ ಅಂದುಕೊಂಡೆ. ಆಕೆಗೋ ಖುಷಿಯೋ ಖುಷಿ. ಆ ಉರಿಯೇ ಒಳ್ಳೆಯ ಎಣ್ಣೆಯ ಗುರುತಂತೆ. ಒಲಿಯೊಕ್ಯಾಂಥಾಲ್ ಅನ್ನುವ ಅಂಶ ಅದು. ನೋವು, ಊತ ತಗ್ಗಿಸುವ ಐಬುಪ್ರೊಫೇನ್ ಮಾತ್ರೆಯ ರೀತಿಯಲ್ಲೇ ಕೆಲಸ ಮಾಡುತ್ತದೆ ಅಂತ 2005ರಲ್ಲಿ ವಿಜ್ಞಾನಿಗಳು ತೋರಿಸಿದರು. ರಿಫೈನ್ ಮಾಡಿದರೆ ಇದೆಲ್ಲ ಹೋಯಿತು. ಅದಕ್ಕೇ ಎಕ್ಸ್‌ಟ್ರಾ ವರ್ಜಿನ್, ಅಂದರೆ ರಿಫೈನ್ ಮಾಡದ ಎಣ್ಣೆ, ತಗೊಳ್ಳಿ ಅನ್ನುವುದು.

ಮಧ್ಯಾಹ್ನ ಅವರ ಮನೆಯಲ್ಲೇ ಊಟ. ಕಾಬೂಲಿ ಕಡಲೆ, ಪಾಲಕ್ ಸೊಪ್ಪು, ಟೊಮ್ಯಾಟೊ ಉಜ್ಜಿದ ಬ್ರೆಡ್ಡಿನ ಮೇಲೆ ಅದೇ ಎಣ್ಣೆ. ಬೆಣ್ಣೆ ಇದೆಯಾ ಅಂತ ಕೇಳಿದೆ. ಬೆಣ್ಣೆ ಯಾಕೆ, ಎಣ್ಣೆ ಇದೆಯಲ್ಲ ಅಂದರು. ಕೇಳಿದಿರಲ್ಲ? ಬದಲಿಗೆ! ಬೆಣ್ಣೆ ಹೋಗಿ ಈ ಎಣ್ಣೆ ಬಂದರೆ ಕೆಟ್ಟ ಕೊಲೆಸ್ಟ್ರಾಲ್ ಇಳಿಯುತ್ತದೆ. ಬೆಣ್ಣೆಯೂ ಇದ್ದು ಇದೂ ಬಂದರೆ ಸೊಂಟ ಬೆಳೆಯುತ್ತದೆ.

ಅಯ್ಯೋ, ಗಾಜಿನ ಆಚೆಯಿಂದ ಗಡಿಯಾರ ತೋರಿಸುತ್ತಿದ್ದಾರೆ. ಬೇಗ ಹೇಳಿಬಿಡುತ್ತೇನೆ. ಕಪ್ಪು ಗಾಜಿನ ಬಾಟಲಿ ಕೊಳ್ಳಿ, ಒಲೆ ಪಕ್ಕ ಇಡಬೇಡಿ. ಬೋಂಡ ಕರಿಯಲು ಸುರಿಯಬೇಡಿ, ಸುಮ್ನೆ ದುಡ್ಡು ದಂಡ. ಬೆಲೆ ಜಾಸ್ತಿ ಅನಿಸಿದರೆ ಬಿಡಿ, ಕಡಲೆಕಾಯಿ ಎಣ್ಣೆಯೇನೂ ಕಡಿಮೆಯಲ್ಲ. ಮನೆಯಲ್ಲಿ ಆಗಲೇ ಬಾಟಲಿ ಇದ್ದರೆ, ಇವತ್ತು ಹೆಸರುಬೇಳೆ ಕೋಸಂಬರಿಗೆ ನಿಂಬೆಹಣ್ಣು ಹಿಂಡಿ ಒಂದು ಚಮಚ ಹಾಕಿ. ಆಮೇಲೆ ಒಗ್ಗರಣೆ ಬೇಡ. ಅದೂ ಎಣ್ಣೆಯೇ ಅಲ್ವಾ?